ದನಿಗಳ್ಳಿಗೆ ಓ ಅನ್ನಬೇಡ

ಆನೆಕೊಂಡದ ಹಂಪವ್ವಜ್ಜಿಯ ಕಥೆಗಳಲ್ಲಿ ದೆವ್ವಗಳು ರಾತ್ರಿ ಬರುತ್ತಿರಲಿಲ್ಲ. ರಾತ್ರಿ ಜನ ಕದ ಹಾಕಿ, ಅಗುಳಿ ಜಡಿದು, ವಿಭೂತಿ ಹಚ್ಚಿಕೊಂಡು ಮಲಗಿರುತ್ತಾರೆ; ಆ ಹೊತ್ತಿನಲ್ಲಿ ಬಂದು ಅವಕ್ಕೇನು ಸಿಗಬೇಕು? ಅವು ಬರುತ್ತಿದ್ದುದು ಮಟಮಟ ಮಧ್ಯಾಹ್ನ, ಉಂಡವರ ಕಣ್ಣು ಎಳೆಯುವಾಗ, ಬೀದಿನಾಯಿ ಕೂಡ ನೆರಳು ಹುಡುಕಿ ಹೋದಾಗ.

ಅವುಗಳಲ್ಲೆಲ್ಲ ಕೆಟ್ಟವಳು ದನಿಗಳ್ಳಿ. ಹರಿಹರದ ಹೊಳೆಯ ಮೆಟ್ಟಿಲ ಕೆಳಗೆ ಅವಳ ವಾಸ. ಅವಳಿಗೆ ಸ್ವಂತ ದನಿ ಎಂಬುದೇ ಇಲ್ಲ. ನಿನಗೆ ಬೇಕಾದವರ ದನಿಯನ್ನೇ ಕದ್ದು ತಂದು, ನಿನ್ನ ಬಾಗಿಲ ಹೊರಗೆ ನಿಂತು, ನಿನ್ನ ಹೆಸರು ಹಿಡಿದು ಕರೆಯುತ್ತಾಳೆ. ನೀನು ಒಳಗಿನಿಂದ "ಓ" ಎಂದರೆ ಸಾಕು. ಕದ ಹಾಕಿಯೇ ಇರುತ್ತದೆ, ಅವಳು ಮಾತ್ರ ಒಳಗಿರುತ್ತಾಳೆ.

ಈ ಕಥೆಯನ್ನು ಅಜ್ಜಿಯ ಮೊಮ್ಮಗಳು ಉಡಚಮ್ಮ ಚಿಕ್ಕಂದಿನಲ್ಲಿ ನೂರು ಸಲ ಕೇಳಿದ್ದಳು. ದೊಡ್ಡವಳಾಗಿ, ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಡಾಕ್ಟರ್ ರಾಮಚಂದ್ರಪ್ಪನವರ ರಕ್ತಪರೀಕ್ಷೆಯ ಲ್ಯಾಬಿಗೆ ಕೆಲಸಕ್ಕೆ ಸೇರಿದ ಮೇಲೆ ಮರೆತೂ ಬಿಟ್ಟಿದ್ದಳು. ಅದು ತೊಂಬತ್ತೊಂಬತ್ತನೇ ಇಸವಿ. ಅಷ್ಟು ದೊಡ್ಡ ಬಡಾವಣೆಯಲ್ಲಿ ಟೆಲಿಫೋನ್ ತಂತಿಯ ಮೇಲೆ ಮಾತಾಡುವ ಕಂಪ್ಯೂಟರ್ ಇದ್ದುದು ಅವರಲ್ಲಿ ಮಾತ್ರ.

ಲ್ಯಾಬಿಗೆ ಹರಿಹರದಲ್ಲೊಂದು ಶಾಖೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದೇ ಕೋಣೆ, ಅದರಲ್ಲಿ ಒಬ್ಬಳೇ ಮಾಸೂಮಾ. ಬೆಳಿಗ್ಗೆ ಅವಳು ರಕ್ತ ತೆಗೆದು, ಸೀಸೆಗಳನ್ನು ಐಸಿನ ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕುತ್ತಾಳೆ. ದಾವಣಗೆರೆಯಲ್ಲಿ ಪರೀಕ್ಷೆಯಾಗಿ ರಿಪೋರ್ಟು ಕಂಪ್ಯೂಟರಿಗೆ ಹೋಗುತ್ತದೆ. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಮಾಸೂಮಾ ತನ್ನ ಕಂಪ್ಯೂಟರಿನಿಂದ ಇಲ್ಲಿಗೆ ಡಯಲ್ ಮಾಡುತ್ತಾಳೆ. ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಮೋಡೆಮ್ ಪೆಟ್ಟಿಗೆ ಕಿರ್ರೋ ಎಂದು ಅರಚಿ ಸುಮ್ಮನಾಗುತ್ತದೆ, ಅಲ್ಲಿ ರಿಪೋರ್ಟುಗಳು ಅಚ್ಚಾಗುತ್ತವೆ. ಅದಕ್ಕೂ ಮುಂಚೆ ಇಬ್ಬರದೂ ಫೋನಿನಲ್ಲಿ ಎರಡು ಮಾತು ಆಗಲೇಬೇಕು.

"ಏನವ್ವಾ ಉಡಚಿ, ಊಟ ಆತಾ?"

"ಆತು ಮಾಸೂಮಕ್ಕ. ನಿಂದು?"

"ನಂದೇನೇ ಊಟ. ನಮ್ಮಮ್ಮ ಬುತ್ತಿ ತರೋದ್ರಾಗ ಮೂರು ಹೊಡೀತೈತೆ. ಮದಿವಿ ಹುಡುಗಿ ಸೊರಗಬಾರ್ದು ಅಂತಾಳೆ, ಬುತ್ತಿ ಮಾತ್ರ ಹೊತ್ತಿಗೆ ತರಾಂಗಿಲ್ಲ."

ಹೀಗಿರುವಾಗ ಒಂದು ದಿನ ಭಾನುವಳ್ಳಿಯ ಚೌಡವ್ವ ಹರಿಹರದ ಆ ಕೋಣೆಗೆ ಖಾಲಿ ಕೊಡ ಹಿಡಿದೇ ಬಂದಳು. ಹಿಂದಿನ ವಾರ ಅವಳು ರಕ್ತ ಕೊಟ್ಟುಹೋಗಿದ್ದಳು. ಲಾರಿ ಓಡಿಸುತ್ತಿದ್ದ ಗಂಡ ಸೊರಗಿ ಸೊರಗಿ ತೀರಿಕೊಂಡಿದ್ದ. ಜನ ಹೆಸರೆತ್ತಲು ಹೆದರಿ 'ದೊಡ್ಡ ಕಾಯಿಲೆ' ಎನ್ನುತ್ತಿದ್ದ ಅದರ ಪರೀಕ್ಷೆ ಅವಳದು. ರಿಪೋರ್ಟು ಇನ್ನೂ ಅವಳ ಕೈಗೆ ಹೋಗಿರಲಿಲ್ಲ. ಆದರೆ ಆ ಬೆಳಿಗ್ಗೆ ಊರ ನಲ್ಲಿಯ ಹತ್ತಿರ ಹೆಂಗಸರು ಅವಳ ಕೊಡಕ್ಕೆ ಕೈ ಅಡ್ಡ ಹಿಡಿದಿದ್ದರು.

"ನನಗಿಂತ ಮೊದ್ಲು ಊರಿಗೆ ಹೆಂಗವ್ವ ಗೊತ್ತಾತು?" ಎಂದು ಕೇಳಿದಳಂತೆ. ಬೈಯಲಿಲ್ಲ, ಅಳಲೂ ಇಲ್ಲ. ಕೊಡವನ್ನು ಅಲ್ಲೇ ಮೂಲೆಯಲ್ಲಿಟ್ಟು ಹೋದವಳು ಮತ್ತೆ ಭಾನುವಳ್ಳಿಗೆ ಹೋಗಲಿಲ್ಲ. ಎಲ್ಲಿಗೆ ಹೋದಳೆಂದು ಯಾರಿಗೂ ಗೊತ್ತಿಲ್ಲ.

ಇದನ್ನೆಲ್ಲ ಮಾಸೂಮಾ ಫೋನಿನಲ್ಲಿ ಹೇಳಿದಳು. "ಆಣೆ ಮಾಡಿ ಹೇಳ್ತೀನಿ ಉಡಚಿ, ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಉಡಚಮ್ಮನಿಗೆ ಅದು ಗೊತ್ತಿತ್ತು. ಅಂದು ಅವಳು ಕಂಪ್ಯೂಟರಿನಲ್ಲಿ ಬಂದುಹೋದವರ ಪಟ್ಟಿ ತೆಗೆದು ನೋಡಿದಳು. ಪ್ರತಿ ದಿನ ಮೂರು ಗಂಟೆಗೆ 'ಶ್ರೀ' ಎಂಬ ಹೆಸರಿನಲ್ಲಿ ಒಬ್ಬರು ಬಂದು ಹೋಗಿದ್ದರು. ಅದು ಮಾಸೂಮಾ. ಇಡೀ ಲ್ಯಾಬಿಗೆ ಇದ್ದುದು ಅದೊಂದೇ ಹೆಸರು. ಆದರೆ ಕಳೆದ ತಿಂಗಳಿನಿಂದ ಒಂದು ಗಂಟೆ ಹತ್ತು ನಿಮಿಷಕ್ಕೂ 'ಶ್ರೀ' ಬಂದಿತ್ತು. ಲ್ಯಾಬಿನವರೆಲ್ಲ ಊಟಕ್ಕೆ ಕೂತಿರುವ ಹೊತ್ತು. ಹತ್ತು ನಿಮಿಷ ಇದ್ದು, ಒಂದೊಂದೇ ರಿಪೋರ್ಟು ತೆರೆದು ಓದಿ, ಏನನ್ನೂ ಕದಲಿಸದೆ ಹೋಗಿತ್ತು.

ಮರೆತೇಹೋಗಿದ್ದ ಅಜ್ಜಿಯ ಕಥೆ ಅವಳಿಗೆ ನೆನಪಾಯಿತು. ಮಟಮಟ ಮಧ್ಯಾಹ್ನ. ಮಾಸೂಮಾಳ ದನಿಯಲ್ಲಿ.

ಪಟ್ಟಿ ಹಿಡಿದು ಡಾಕ್ಟರ ಬಳಿಗೆ ಓಡಿದಳು. ರಾಮಚಂದ್ರಪ್ಪನವರು ಒಳ್ಳೆಯ ಮನುಷ್ಯ. ಕೈಗುಣವೂ ಇತ್ತು, ಭಕ್ತಿಯೂ ಇತ್ತು. ಅವಳು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ಒರೆಸಿಕೊಂಡರು.

"ಪಾಸ್‌ವರ್ಡ್ ಬದಲಾಯಿಸ್ಬೇಕು ಸಾರ್, ಇವತ್ತೇ."

"ಅದೊಂದು ಬ್ಯಾಡ, ಉಡಚಮ್ಮ. ಮುಹೂರ್ತದಾಗ ಇಟ್ಟಿದ್ದು ಅದು."

ಆ ಮುಹೂರ್ತ ಅವಳಿಗೂ ನೆನಪಿತ್ತು. ಹೊಸ ಕಂಪ್ಯೂಟರ್ ಬಂದ ದಿನ ಮಾವಿನ ತೋರಣ ಕಟ್ಟಿ, ಅದಕ್ಕೆ ವಿಭೂತಿ ಹಚ್ಚಿ, ಅರವತ್ತು ಜನಕ್ಕೆ ಹೋಳಿಗೆ ಊಟ ಹಾಕಿಸಿದ್ದರು. ಹೊಸ ಪುಸ್ತಕದ ನೆತ್ತಿಯ ಮೇಲೆ 'ಶ್ರೀ' ಬರೆಯುವ ಹಾಗೆ ಕಂಪ್ಯೂಟರಿನ ಮೊದಲ ಹೆಸರು 'ಶ್ರೀ' ಎಂದಾಯಿತು. ಇನ್ನು ಪಾಸ್‌ವರ್ಡ್? ಪೂಜೆಗೆ ಬಂದಿದ್ದ ಅಯ್ಯನವರು ಒಂದು ಕ್ಷಣ ಕಣ್ಣು ಮುಚ್ಚಿ, ಎರಡೂ ಊರಿಗೆ ಒಳ್ಳೆಯದಾಗಲಿ ಎಂದು 'ಹರಿಹರ' ಅಂತ ಗಟ್ಟಿಯಾಗಿ ಹೇಳಿದ್ದರು. ಡಾಕ್ಟರು ಅದನ್ನು ಒಂದೊಂದೇ ಅಕ್ಷರ ಒತ್ತಿದಾಗ ಅರವತ್ತು ಜನರೂ ಚಪ್ಪಾಳೆ ತಟ್ಟಿದ್ದರು. ಆ ದಿನದ ಫೋಟೋ ಕಟ್ಟು ಹಾಕಿಸಿಕೊಂಡು ಈಗಲೂ ಗೋಡೆಯ ಮೇಲಿತ್ತು: ಅರವತ್ತು ಮುಖ, ನಡುವೆ ಹೂಮಾಲೆ ಹಾಕಿಕೊಂಡ ಕಂಪ್ಯೂಟರ್.

"ಒಳ್ಳೆ ಗಳಿಗೇಲಿ ಇಟ್ಟಿದ್ದನ್ನ ಕೀಳಬಾರ್ದು ತಂಗಿ," ಎಂದರು ಡಾಕ್ಟರು. "ಆವತ್ತಿಂದ ಲ್ಯಾಬು ಹೆಂಗೆ ನಡೀತೈತೆ ನೋಡು. ಮತ್ತೆ, ಬಂದೋರೆಲ್ಲ ನಮ್ಮೋರೇ. ನಮ್ಮನಿ ಹೋಳಿಗೆ ಉಂಡೋರು ಹಿಂಗೆ ಮಾಡ್ತಾರಾ?"

ಉಡಚಮ್ಮ ಇನ್ನೂ ಒಂದು ಮಾತು ಹೇಳಬಹುದಿತ್ತು. ಅದನ್ನು ಬಾಯಲ್ಲೇ ಅದುಮಿಕೊಂಡಳು, ಏಕೆಂದರೆ ಲ್ಯಾಬಿನವರೆಲ್ಲ ಸುತ್ತ ಇದ್ದರು, ಅದು ಅವಳ ಗುಟ್ಟೂ ಅಲ್ಲ. ಒಂದು ತಿಂಗಳ ಹಿಂದೆ ಒಬ್ಬ ಲಾರಿ ಡ್ರೈವರನ ರಕ್ತ ತೆಗೆಯುವಾಗ ಸೂಜಿ ಜಾರಿ ಮಾಸೂಮಾಳ ಹೆಬ್ಬೆರಳಿಗೆ ಚುಚ್ಚಿತ್ತು. ಆಮೇಲೆ ಬಂದ ಆ ಡ್ರೈವರನ ರಿಪೋರ್ಟಿನಲ್ಲಿ ದೊಡ್ಡ ಕಾಯಿಲೆ ಇತ್ತು. ಅವಳೂ ಈಗ ರಕ್ತ ಕೊಡಬೇಕು. ಇನ್ನು ಎರಡು ವಾರಕ್ಕೆ, ಗುರುವಾರ. ಈ ವಿಷಯ ಡಾಕ್ಟರಿಗೆ, ಮಾಸೂಮಾಳಿಗೆ, ಉಡಚಮ್ಮನಿಗೆ ಬಿಟ್ಟರೆ ನಾಲ್ಕನೆಯವರಿಗೆ ಗೊತ್ತಿರಲಿಲ್ಲ. ರಂಜಾನ್ ಮುಗಿದ ಮೇಲೆ ಅವಳ ಮದುವೆ. ರಿಪೋರ್ಟಿನಲ್ಲಿ ಏನೇ ಬರಲಿ, ಅದರ ಮೇಲೆ ಅವಳ ಹೆಸರು ಕಂಡರೇ ಸಾಕು, ಗಂಡಿನ ಕಡೆಯವರು ತಾಂಬೂಲ ವಾಪಸು ಕಳಿಸುತ್ತಾರೆ. ಚೌಡವ್ವನ ಕೊಡದ ಪಕ್ಕದಲ್ಲಿ ಇನ್ನೊಂದು ಕೊಡ.

ಉಡಚಮ್ಮ ಹೋಗಿದ್ದು ತನಗೆ ಪಾಠ ಹೇಳಿದ ರಜಾಕ್ ಮೇಷ್ಟ್ರ ಮನೆಗೆ. ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದರೂ ಮನೆ ತುಂಬ ಹಳೆಯ ಕಂಪ್ಯೂಟರ್ ಹರಡಿಕೊಂಡು ಕೂತಿರುತ್ತಿದ್ದ ಮನುಷ್ಯ. ಎಲ್ಲ ಕೇಳಿ ಕಪಾಟಿನಿಂದ ಒಂದು ಸೀಡಿ ತೆಗೆದುಕೊಟ್ಟರು. ಕೆನಡಾ ದೇಶದಿಂದ ಅಂಚೆಯಲ್ಲಿ ಬಂದದ್ದು. ಜೊತೆಗೆ ಅವರು ಅಚ್ಚು ಮಾಡಿಟ್ಟುಕೊಂಡಿದ್ದ ಕಾಗದದ ಮೇಲೆ ಕೊಂಬಿನ ಪುಟ್ಟ ದೆವ್ವವೊಂದು ನಗುತ್ತಿತ್ತು.

"ಇದೇನ್ರಿ ಸಾರ್, ದೆವ್ವ ಓಡ್ಸಾಕೆ ದೆವ್ವ ಕೊಡ್ತೀರಿ?"

"ಕಾವಲಿಗೆ ಕೂಡ್ರೋರ ಮುಖ ಹಿಂಗೇ ಇರಬೇಕಮ್ಮ," ಎಂದು ಮೇಷ್ಟ್ರು ನಕ್ಕರು. "ಇದರ ಹೆಸರು ಓಪನ್‌ಬಿಎಸ್‌ಡಿ. ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರು, ಯೂನಿಕ್ಸ್ ಅನ್ನೋದರ ದಾಯಾದಿ. ಬಿಟ್ಟಿ. ಜಗತ್ತಿನ ತುಂಬ ಒಂದಷ್ಟು ಹಟಮಾರಿಗಳು ಕೂತ್ಕಂಡು, ಇದರ ಒಂದೊಂದು ಸಾಲನ್ನೂ ಅಕ್ಕಿಯಾಗಿನ ಕಲ್ಲು ಆರಿಸಿದಂಗೆ ಆರಿಸ್ತಾರೆ. ಬ್ಯಾರೆ ಕಂಪ್ಯೂಟರು ಎಲ್ಲಾ ಬಾಗ್ಲು ತಕ್ಕೊಂಡೇ ಹುಟ್ತಾವೆ. ಇದು ಮುಚ್ಚಿಕೊಂಡು ಹುಟ್ತೈತೆ. ಯಾವ ಬಾಗ್ಲು ಬೇಕೋ ಅದನ್ನ ನೀನೇ ತೆಗೀಬೇಕು."

ಅವಳು ಅದನ್ನು ಮನೆಗೆ ತಂದು, ಮೇಷ್ಟ್ರೇ ಕೊಟ್ಟ ಒಂದು ಹಳೆಯ ಕಂಪ್ಯೂಟರಿಗೆ ಹಾಕಿದಳು. ಪ್ರತಿ ಆಜ್ಞೆಗೂ ಒಂದೊಂದು ಕೈಪಿಡಿ ಪುಟ ಅದರೊಳಗೇ ಇತ್ತು. ಮುಚ್ಚಿದ ಬಾಗಿಲುಗಳೇನೋ ಸರಿ. ಆದರೆ ಮಾಸೂಮಾಳಿಗೆಂದು ಒಂದು ಬಾಗಿಲು ತೆಗೆಯಲೇಬೇಕಲ್ಲ? ಅದೇ ಬಾಗಿಲಿನಲ್ಲಿ ಅವಳ ಹೆಸರು ಹೇಳಿಕೊಂಡು ಇನ್ನೊಬ್ಬರು ಬಂದರೆ ಗುರುತು ಹಿಡಿಯುವುದು ಹೇಗೆ?

ಅದನ್ನು ಬಳಸುವವರೆಲ್ಲ ಸೇರಿ ಇ-ಮೇಲಿನಲ್ಲಿ ಮಾತಾಡುವ ಒಂದು ಬಳಗವಿತ್ತು. ಮೇಷ್ಟ್ರ ಮನೆಯಿಂದ, ಪದಕೋಶ ತೊಡೆಯ ಮೇಲಿಟ್ಟುಕೊಂಡು, ಉಡಚಮ್ಮ ಅಲ್ಲಿಗೆ ತನ್ನ ಪ್ರಶ್ನೆ ಬರೆದಳು. ಮರುದಿನ ಯಾವ ದೇಶದವನೋ ಒಬ್ಬ ಎರಡೇ ಸಾಲು ಬರೆದಿದ್ದ: ತಂತಿಯ ಆ ಕೊನೆಯಲ್ಲಿ ಯಾರಿದ್ದಾರೆಂದು ಈ ಕೊನೆಯಿಂದ ಗೊತ್ತಾಗುವುದಿಲ್ಲ. ಕೇಳುವ ಮೊದಲು ಕೈಪಿಡಿ ಓದು.

ಅವಳಿಗೆ ಅಳುವೇ ಬಂತು. ಎರಡು ವಾರದಲ್ಲಿ ಆಗಲೇ ಎಂಟು ದಿನ ಕಳೆದಿದ್ದವು. ಅಷ್ಟು ದಿನವೂ ಒಂದು ಹತ್ತಕ್ಕೆ 'ಶ್ರೀ' ತಪ್ಪದೆ ಬಂದಿತ್ತು.

ಅಂದು ಮನೆಯಲ್ಲಿ ಅವಳು ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಾಗ ಹಂಪವ್ವಜ್ಜಿ ಕೇಳಿದಳು, "ಯಾಕಲೇ, ಮುದ್ದಿ ತಣ್ಣಗಾತು. ಯಾರ ಧ್ಯಾನ?"

"ಅಜ್ಜಿ, ದನಿಗಳ್ಳಿ ಕರೆದ್ರೆ ಓ ಅನ್ನಬಾರ್ದು, ಸರಿ. ಆದ್ರೆ ಖರೇನೇ ನಮ್ಮೋರೇ ಕರೆದಿದ್ರೆ? ಸುಮ್ನೆ ಕೂತ್ರೆ ಅವ್ರು ಹೊರಗೇ ನಿಂತಿರ್ತಾರಲ್ಲ?"

ಅಜ್ಜಿ ಎಲೆಯಡಿಕೆ ಪಕ್ಕಕ್ಕಿಟ್ಟಳು. ಇಷ್ಟು ವರ್ಷದ ಮೇಲೆ ಮೊಮ್ಮಗಳು ಕಥೆ ಕೇಳುತ್ತಿದ್ದಾಳೆ! "ಅದಕ್ಕೂ ದಾರಿ ಐತೆ ತಗಾ. ಬಾಯಿ ಮುಚ್ಕಂಡು ಹಿತ್ಲ ಬಾಗ್ಲಿಂದ ಹೊರಡಬೇಕು. ಕರೆದೋರ ಮನಿಗೆ ನೀನೇ ಹೋಗಬೇಕು. 'ಏನವ್ವ, ಕರೆದ್ಯಾ?' ಅಂತ ಕೇಳಬೇಕು. ಕರೆದಿದ್ರೆ ಹೂಂ ಅಂತಾರೆ. ದನಿ ಕದೀಬಹುದು ಕಣೇ. ಮನಿ ಹೆಂಗೆ ಕದೀತಾಳೆ?"

ಉಡಚಮ್ಮ ಎದ್ದು ಎಂಜಲ ಕೈಯಲ್ಲೇ ಅಜ್ಜಿಯನ್ನು ತಬ್ಬಿಕೊಂಡಳು.

ಹೌದಲ್ಲ! ಬಾಗಿಲ ಕಂಪ್ಯೂಟರ್ ಕರೆ ತೆಗೆದುಕೊಳ್ಳಲಿ, "ಯಾರು?" ಎಂದು ಕೇಳಲಿ, ಆದರೆ ಒಳಗೆ ಬಿಡದಿರಲಿ. ಹೆಸರು ಕೇಳಿಕೊಂಡು ಫೋನ್ ಇಡಲಿ. ಆಮೇಲೆ ತಾನೇ, ಆ ಹೆಸರಿನ ಮುಂದೆ ಬರೆದಿಟ್ಟ ನಂಬರಿಗೆ ಡಯಲ್ ಮಾಡಲಿ. ಮಾಸೂಮಾ ಎಂದವರು ಯಾರೇ ಇರಲಿ, ಕರೆ ಹೋಗುವುದು ಹರಿಹರದ ಆ ಒಂದೇ ಕೋಣೆಗೆ.

ಇದನ್ನೆಲ್ಲ, ಅಜ್ಜಿಯ ಮಾತನ್ನೂ ಸೇರಿಸಿ, ಬಳಗಕ್ಕೆ ಬರೆದಳು. ಗದರಿದ್ದ ಆ ಮನುಷ್ಯನೇ ಉತ್ತರ ಬರೆದಿದ್ದ, ಈ ಸಲ ಮೂರು ಸಾಲು: ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ. ಬಾಗಿಲಿಗೆ ಒಂದು ಪ್ರಿಂಟರ್ ಕೂಡ ಕಟ್ಟಿಬಿಡಿ, ತಟ್ಟಿದವರ ಹೆಸರೆಲ್ಲ ಆಗಿಂದಾಗಲೇ ಕಾಗದದ ಮೇಲೆ ಬೀಳಲಿ. ಕಾಗದವನ್ನು ದೂರದಿಂದ ಯಾರೂ ಅಳಿಸಲಾರರು.

ಡಾಕ್ಟರನ್ನು ಒಪ್ಪಿಸಲು ಅವಳು ಬೇರೆ ಮಾತು ಹುಡುಕಬೇಕಾಯಿತು. "ಒಳಗಿನ ದೇವರನ್ನ ನಾನು ಮುಟ್ಟಾದಿಲ್ಲ ಸಾರ್. ಮುಹೂರ್ತದ ಪಾಸ್‌ವರ್ಡು ಹಂಗೇ ಇರ್ಲಿ. ಬಾಗ್ಲಿಗೆ ಒಬ್ಬ ದ್ವಾರಪಾಲಕನ್ನ ಕೂಡ್ರಿಸ್ತೀನಿ, ಅಷ್ಟೇ."

ಗುಡಿ ಎಂದ ಮೇಲೆ ದ್ವಾರಪಾಲಕ ಬೇಡವೆನ್ನುವುದು ಹೇಗೆ? ಡಾಕ್ಟರು ತಲೆಯಾಡಿಸಿದರು. "ಆ ಕೊಂಬಿನ ಚಿತ್ರ ಮಾತ್ರ ನಮ್ಮ ಮನಿಯವರ ಕಣ್ಣಿಗೆ ಬೀಳಬಾರ್ದು," ಎಂದರು.

ಬುಧವಾರ ರಾತ್ರಿ ಅವಳು ಮೇಷ್ಟ್ರ ಹಳೆಯ ಕಂಪ್ಯೂಟರನ್ನು ಲ್ಯಾಬಿನ ಫೋನ್ ತಂತಿಗೆ ಕಟ್ಟಿ, ಅದರ ಪಟ್ಟಿಯಲ್ಲಿ ಮಾಸೂಮಾ ಎಂಬ ಒಂದೇ ಹೆಸರು ಬರೆದಳು. ಗುರುವಾರ ಬಂತು. ಬೆಳಗಿನ ಬಸ್ಸಿನ ಡಬ್ಬಿಯಲ್ಲಿ ಎಲ್ಲ ಸೀಸೆಗಳ ನಡುವೆ ಮಾಸೂಮಾಳದೂ ಇತ್ತು. ಡಾಕ್ಟರು ಅದನ್ನು ತಾವೇ ಪರೀಕ್ಷೆಗೆ ಇಟ್ಟರು. ಮಧ್ಯಾಹ್ನ ಎರಡರೊಳಗೆ ಫಲ ಗೊತ್ತಾಗುತ್ತಿತ್ತು. ಆದರೆ ಅವಳ ಹೆಸರು, ಊರು, ಯಾವ ಪರೀಕ್ಷೆ ಎಂಬುದು ವಾಡಿಕೆಯ ಹಾಗೆ ಹತ್ತು ಗಂಟೆಗೇ ಒಳಗಿನ ಕಂಪ್ಯೂಟರಿಗೆ ಹೋಗಿಬಿಟ್ಟಿತ್ತು.

ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಹೋದರು. ಉಡಚಮ್ಮ ಬುತ್ತಿ ಬಿಚ್ಚಲಿಲ್ಲ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬಂದ ಬಿಸಿಗಾಳಿ ಕಿಟಕಿಯ ಪರದೆಯನ್ನು ಒಮ್ಮೆ ಎತ್ತಿ ಬಿಟ್ಟಿತು. ಹೊರಗೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹೊಸ ಬಾಗಿಲು ತೆಗೆದುಕೊಳ್ಳುವ ಮೊದಲ ಕರೆ ಇದು. ತಾನು ಬರೆದದ್ದರಲ್ಲಿ ಒಂದು ಚುಕ್ಕೆ ತಪ್ಪಿದ್ದರೆ? ಬಾಗಿಲು ಮುಚ್ಚಿದೆ ಎಂದುಕೊಂಡು ತಾನೇ ತೆಗೆದಿಟ್ಟಿದ್ದರೆ?

ಒಂದು ಹತ್ತು.

ಫೋನ್ ರಿಂಗಾಯಿತು. ಮೋಡೆಮ್ ಅರಚಿತು. ಅದು ಸುಮ್ಮನಾದ ಮೇಲೆ ಆ ಖಾಲಿ ಕೋಣೆಯಲ್ಲಿ ಪ್ರಿಂಟರ್ ಒಂದೇ ಸಲ ಕರಕರ ಎಂದಿತು. ಅವಳು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಕಾಗದದ ಮೇಲೆ ಒಂದು ಸಾಲು: ಶ್ರೀ.

ಆ ಹೆಸರು ಹೊಸ ಪಟ್ಟಿಯಲ್ಲಿರಲಿಲ್ಲ. ಬಾಗಿಲು ಫೋನ್ ಇಟ್ಟಿತು.

ಒಂದು ನಿಮಿಷ ಏನೂ ಇಲ್ಲ. ಮತ್ತೆ ರಿಂಗು. ಮತ್ತೆ ಕರಕರ. ಶ್ರೀ. ಮೂರನೆಯ ಸಲ: ಹರಿಹರ. ನಾಲ್ಕನೆಯ ಸಲ: ರಾಮಚಂದ್ರಪ್ಪ. ಆ ಕಡೆ ಇದ್ದವರು ಹೊಸ್ತಿಲಲ್ಲಿ ನಿಂತು, ಒಂದು ದನಿ ಆಗಲಿಲ್ಲವೆಂದರೆ ಇನ್ನೊಂದು ದನಿಯಲ್ಲಿ ಕರೆಯುತ್ತಿದ್ದರು. ಉಡಚಮ್ಮ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದಳು, ತಾನೇ ಎಲ್ಲಿ ಓ ಎಂದುಬಿಡುತ್ತೇನೋ ಎಂಬ ಹಾಗೆ.

ಐದನೆಯ ರಿಂಗು. ಪ್ರಿಂಟರಿನ ತಲೆ ನಿಧಾನ ಸರಿಯಿತು.

ಮಾಸೂಮಾ.

ಅದಕ್ಕೆ ಅವಳ ಹೆಸರೂ ಗೊತ್ತಿತ್ತು.

ಬಾಗಿಲು ಫೋನ್ ಇಟ್ಟಿತು. ಆದರೆ ಈ ಹೆಸರು ಪಟ್ಟಿಯಲ್ಲಿದ್ದ ಹೆಸರು. ಮೋಡೆಮ್ ಟಿಕ್ ಟಿಕ್ ಎಂದು ತಾನೇ ನಂಬರು ಒತ್ತತೊಡಗಿತು. ಎಲ್ಲಿಗೆ ಹೋಗುತ್ತಿದೆ? ಹರಿಹರಕ್ಕೋ, ಅದು ಕೂತಿರುವ ಜಾಗಕ್ಕೋ? ಆ ಕಡೆ ಯಾರೋ ಫೋನ್ ಎತ್ತಿದ ಸದ್ದು, ಆಮೇಲೆ ಸಂಪರ್ಕ ಕಡಿಯಿತು. ಅರೆಗಳಿಗೆಯಲ್ಲಿ ಮೇಜಿನ ಮೇಲಿದ್ದ ಇನ್ನೊಂದು ಫೋನ್, ಮಾತಿನ ಫೋನ್, ಬಡಿದುಕೊಂಡಿತು.

"ಉಡಚಿ! ಏನೇ ಅದು, ಫೋನ್ ಎತ್ತಿದ್ರೆ ಕಿವಿಯಾಗ ಸೀಟಿ ಹೊಡೀತು! ಇನ್ನೂ ಒಂದೂಕಾಲು, ನಾನು ಕರದೇ ಇಲ್ಲಲ್ಲ?"

"ಗೊತ್ತು ಮಾಸೂಮಕ್ಕ," ಎಂದಳು. ಅವಳು ನೆಲದ ಮೇಲೇ ಕೂತಿದ್ದಳು. "ನೀನು ಕರದಿಲ್ಲ ಅಂತ ಗೊತ್ತು."

ಊಟ ಮುಗಿಸಿ ಬಂದ ಡಾಕ್ಟರ ಕೈಗೆ ಅವಳು ಆ ಕಾಗದ ಹರಿದುಕೊಟ್ಟಳು. ಅವರು ತಮ್ಮ ಹೆಸರು ಇದ್ದ ಸಾಲನ್ನು ಎರಡು ಸಲ ಓದಿದರು, ಅದರ ಕೆಳಗಿನ ಸಾಲನ್ನು ಓದಿ ಕೈ ಕೆಳಗಿಳಿಸಿದರು. ಆಮೇಲೆ ಗೋಡೆಯ ಫೋಟೋದ ಮುಂದೆ ಹೋಗಿ ನಿಂತರು. ಒಂದೊಂದೇ ಮುಖದ ಮೇಲೆ ಬೆರಳಿಡುತ್ತಾ ಹೋದರು. ಬೀಗರು, ಔಷಧಿ ಅಂಗಡಿಯವರು, ಪಕ್ಕದ ಮನೆಯವರು, ಕಂಪ್ಯೂಟರ್ ಮಾರಿದವನು. ಎಲ್ಲರೂ ನಗುತ್ತಿದ್ದರು.

"ಇವ್ರಾಗ ಯಾರಂತ ಹೇಳಾದು ತಂಗಿ," ಎಂದರು. ಅವರ ದನಿಯಲ್ಲಿ ಅಷ್ಟು ದಿನ ಇಲ್ಲದ ಹೆದರಿಕೆ ಇತ್ತು. "ನಾಳೆ ನೀನೇ ಒಳಗಿನ ಪಾಸ್‌ವರ್ಡು ಬದಲಾಯಿಸು. ನನಗೂ ಹೇಳಬ್ಯಾಡ."

ಮಾಸೂಮಾಳ ಫಲವನ್ನು ಅವರು ಕಂಪ್ಯೂಟರಿಗೆ ಹಾಕಲಿಲ್ಲ. ತಮ್ಮ ಕೈಯಾರೆ ಬರೆದು, ಲಕೋಟೆಗೆ ಅಂಟು ಹಚ್ಚಿ, ಉಡಚಮ್ಮನಿಗೆ ಕೊಟ್ಟರು. "ತಂತಿ ಮ್ಯಾಲೆ ಬ್ಯಾಡ. ಅವಳ ಕೈಗೇ ಕೊಡು."

ಹರಿಹರದ ಬಸ್ಸಿನಲ್ಲಿ ಅವಳು ಲಕೋಟೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಡಾಕ್ಟರ ಮುಖದಲ್ಲಿ ಏನೂ ಕಂಡಿರಲಿಲ್ಲ. ಎಷ್ಟು ಜನಕ್ಕೆ ಎಷ್ಟು ಲಕೋಟೆ ಕೊಟ್ಟ ಮುಖವೋ ಅದು. ಪಕ್ಕದ ಸೀಟಿನವರು "ಎಲ್ಲಿಗವ್ವಾ?" ಎಂದು ಕೇಳಿದರೂ ಉತ್ತರ ಕೊಡಲು ಭಯ. ಅವರೂ ಹೋಳಿಗೆ ಉಂಡವರಿರಬಹುದು.

ಕೋಣೆಯಲ್ಲಿ ಮಾಸೂಮಾ ಒಬ್ಬಳೇ ಇದ್ದಳು. ಮೂಲೆಯಲ್ಲಿ ಚೌಡವ್ವನ ಕೊಡ ಇನ್ನೂ ಹಾಗೇ ಇತ್ತು, ಅದನ್ನು ಎತ್ತಿಡುವ ಧೈರ್ಯ ಅವಳಿಗಾಗಿರಲಿಲ್ಲ. ಮಾಸೂಮಾ ಲಕೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಓದಿದಳು. ಕಾಗದವನ್ನು ಉಡಚಮ್ಮನ ಕಡೆ ತಿರುಗಿಸಿದಳು.

ಕಾಯಿಲೆ ಇಲ್ಲ ಎಂದಿತ್ತು. ಅದರ ಕೆಳಗೆ ಡಾಕ್ಟರ ಕೈಬರಹದಲ್ಲಿ ಇನ್ನೊಂದು ಸಾಲು: ಇಷ್ಟು ಬೇಗ ಪೂರ್ತಿ ಹೇಳಲಾಗದು, ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ನೋಡಬೇಕು.

"ಇನ್ನೊಂದು ಸಲ," ಎಂದಳು ಮಾಸೂಮಾ. ನಗಬೇಕೋ ಅಳಬೇಕೋ ತಿಳಿಯದ ಮುಖ. "ಅಲ್ಲೀಮಟ ನಿನ್ನ ದ್ವಾರಪಾಲಕ ತಡೀತಾನೇನೇ?"

"ತಡೀಬೇಕು," ಎಂದಳು ಉಡಚಮ್ಮ. ತಡೆಯುತ್ತಾನೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ, ಅರ್ಧ ಎಳೆದಿದ್ದ ಶಟರಿನ ಹೊರಗಿನಿಂದ ದನಿಯೊಂದು ಕೇಳಿತು. "ಮಾಸೂಮಾ!"

ಅವಳ ತಾಯಿ ಮಾಬೂಬೀಯ ದನಿ. ಮಾಸೂಮಾ ಬಾಯಿ ತೆರೆದವಳು ಹಾಗೇ ನಿಂತಳು. ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಉಡಚಮ್ಮ ಈಗಷ್ಟೇ ಅವಳಿಗೆ ಹೇಳಿ ಮುಗಿಸಿದ್ದಳು, ಅಜ್ಜಿಯ ಕಥೆಯನ್ನೂ ಬಿಡದೆ. ಇಬ್ಬರೂ ಮುಖ ನೋಡಿಕೊಂಡರು. ಹೊರಗೆ ಇನ್ನೊಮ್ಮೆ, ಇನ್ನೂ ಜೋರಾಗಿ: "ಏ ಮಾಸೂಮಾ!"

ಮಾಸೂಮಾ ಕಾಗದವನ್ನು ಮಡಚಿ ಕುಪ್ಪಸದೊಳಗೆ ಸೇರಿಸಿದಳು. ಚಪ್ಪಲಿ ಮೆಟ್ಟದೆ, ಸದ್ದಿಲ್ಲದೆ ಹಿಂಬಾಗಿಲಿನಿಂದ ಹೊರಟಳು. ಉಡಚಮ್ಮ ಉಸಿರು ಹಿಡಿದು ಹಿಂದೆ ಹೋದಳು. ಗೋಡೆ ಬಳಸಿ ಬಂದು ಇಬ್ಬರೂ ಇಣುಕಿದರು.

ಬುತ್ತಿಯ ಡಬ್ಬಿ ಹಿಡಿದು, ಶಟರಿಗೆ ಮುಖ ಮಾಡಿ, ಮಾಬೂಬೀಯೇ ನಿಂತಿದ್ದಳು. ಮಗಳು ಹಿಂದಿನಿಂದ ಬಂದು "ಅಮ್ಮಾ, ಕರೆದ್ಯಾ?" ಎಂದಾಗ ಬೆಚ್ಚಿ ತಿರುಗಿದಳು.

"ಕರದಿದ್ದೆ, ಗಂಟ್ಲು ಹರಿಯೋ ಹಂಗೆ! ಒಳಗಿದ್ದು ಓ ಅನ್ನಾಕೇನು ರೋಗ ನಿನಗೆ?"

ಮಾಸೂಮಾ ನಗತೊಡಗಿದಳು. ಡಬ್ಬಿ ತೆಗೆದುಕೊಂಡಳು, ಮತ್ತೂ ನಕ್ಕಳು, ನಗುತ್ತ ನಗುತ್ತಲೇ ತಾಯಿಯ ಭುಜಕ್ಕೆ ಮುಖವಿಟ್ಟು ಬಿಕ್ಕಿದಳು. ಏನೂ ತಿಳಿಯದ ಮಾಬೂಬೀ ಅವಳ ಬೆನ್ನು ತಟ್ಟುತ್ತ, ಈ ಹುಡುಗಿಗೇನಾತು ಎಂದು ಉಡಚಮ್ಮನ ಕಡೆ ನೋಡಿದಳು.

ಉಡಚಮ್ಮ ಬೀದಿಯ ಕಡೆ ನೋಡುತ್ತಿದ್ದಳು. ಬಸ್‌ಸ್ಟ್ಯಾಂಡಿನಿಂದ ಜನ ಬರುತ್ತಿದ್ದರು, ಹೋಗುತ್ತಿದ್ದರು. ಅವರಲ್ಲಿ ಒಬ್ಬರು, ಎಲ್ಲೋ ನೋಡಿದ ಮುಖ, ಅವಳ ಕಡೆ ನೋಡಿ ಪರಿಚಯದವರ ಹಾಗೆ ನಕ್ಕು ಮುಂದೆ ಹೋದರು. ಅವಳು ವಾಪಸು ನಗಲಿಲ್ಲ.